ಬಾನೆಟ್ಟಿಗೆ ಮಷೀನು, ಬಂಪರಿಗೆ ಕೈ: ನಾಲ್ಕು ವರ್ಷ ಬಳಸಿದ ಪಾಲಿಶರ್ ಬಗ್ಗೆ

ಕಾರಿನ ಬಣ್ಣ ಉಜ್ಜಿ ಹೊಳಪು ತರುವ ಪಾಲಿಶರ್, 2021ರ ದೀಪಾವಳಿಗೆ ತರಿಸಿದ ಮಷೀನು ಇದು. ಡ್ಯುಯಲ್ ಆಕ್ಷನ್ (ತಿರುಗುತ್ತಲೇ ಅಲುಗುವಂಥದ್ದು), ಪ್ಯಾಡ್ ಅಂಟಿಸುವ ಐದಿಂಚಿನ ಪ್ಲೇಟು, 15 ಮಿಲಿಮೀಟರ್ ಥ್ರೋ (ಅಲುಗಾಟದ ಅಗಲ), ಆರು ಸ್ಪೀಡು. ಮೂರು ಫೋಮ್ ಪ್ಯಾಡು, ಒಂದು ಬಾಟಲಿ ಕಂಪೌಂಡ್ (ಬಣ್ಣ ಉಜ್ಜುವ ಪೇಸ್ಟು) ಸೇರಿ ಹತ್ತು ಸಾವಿರದೊಳಗೆ ಮುಗಿಯಿತು. ಕಂಪನಿ ಹೆಸರು ಬೇಕಂತಲೇ ಬರೆದಿಲ್ಲ. ಕೆಳಗೆ ಹೇಳುವ ಅನಾಹುತ, ಅಂದರೆ ಬಂಪರಿನಂಥ ಪ್ಲಾಸ್ಟಿಕ್ ಭಾಗದ ಬಣ್ಣ ಸುಡುವುದು, ಯಾವ ಕಂಪನಿಯ ಮಷೀನು ಹಿಡಿದರೂ ಆಗುವಂಥದ್ದು. ನನಗೆ ಆದದ್ದಕ್ಕೆ ಒಂದು ಸಲ ಬೇರೆಯವರು ಕಾರಣ, ಇನ್ನೊಂದು ಸಲ ನಾನೇ.

ಕಲಬುರಗಿಯಲ್ಲಿ ಕಾರಿಗೆ ಪಾಲಿಶ್ ಯಾಕೆ ಬೇಕು ಅಂತ ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಬೋರ್‌ವೆಲ್ ನೀರಲ್ಲಿ ತೊಳೆದು ಹತ್ತು ನಿಮಿಷ ಬಿಸಿಲಿಗೆ ಬಿಟ್ಟರೆ ಬಾನೆಟ್ ತುಂಬ ಸುಣ್ಣದ ಚುಕ್ಕಿ. ಸೇಡಂ ಕಡೆ ಹೋಗಿಬಂದರೆ ಸಿಮೆಂಟ್ ಲಾರಿಗಳ ಧೂಳು, ಶಹಾಬಾದ ಕಡೆ ಹೋದರೆ ಕಲ್ಲಿನ ಪುಡಿ, ತೊಗರಿ ರಾಶಿ ಕಾಲಕ್ಕೆ ಹೊಟ್ಟು. ಅದನ್ನು ಒಣಬಟ್ಟೆಯಲ್ಲಿ ದಿನಾ ಬೆಳಿಗ್ಗೆ ಕಸಕಸ ಒರೆಸುವುದು ನಮ್ಮೂರಿನ ಹಳೇ ಚಟ, ನನಗೂ ಇತ್ತು. ನನ್ನದು ಗಾಢ ನೀಲಿ ಬಣ್ಣದ ಕಾರು. ಎರಡು ವರ್ಷ ತುಂಬುವ ಮೊದಲೇ ಬಿಸಿಲಿಗೆ ನಿಲ್ಲಿಸಿದರೆ ಜೇಡರ ಬಲೆ ಹೊದಿಸಿದ ಹಾಗೆ ಗೀರು ಕಾಣತೊಡಗಿತ್ತು.

ಬಾನೆಟ್, ಟಾಪು, ಬಾಗಿಲು, ಈ ಉಕ್ಕಿನ ಭಾಗಗಳ ಮಟ್ಟಿಗೆ ಮಷೀನಿನ ಬಗ್ಗೆ ನನ್ನ ದೂರು ಶೂನ್ಯ. ನಾಲ್ಕನೇ ಸ್ಪೀಡು, ಮಧ್ಯಮ ಫೋಮ್ ಪ್ಯಾಡು, ಎರಡು ಅಡಿ ಚೌಕದಲ್ಲಿ ಅಡ್ಡ ನಾಲ್ಕು ಸಲ, ಉದ್ದ ನಾಲ್ಕು ಸಲ. ಜೇಡರ ಬಲೆ ಹೋಗಿ ಬಾನೆಟ್‌ನಲ್ಲಿ ಬೇವಿನ ಗಿಡದ ಎಲೆ ಎಣಿಸುವ ಹಾಗಾಯಿತು. ಈ ನಾಲ್ಕು ವರ್ಷದಲ್ಲಿ ಮೋಟಾರಿನ ಕಾರ್ಬನ್ ಬ್ರಶ್ ಒಂದು ಸಲ, ಪ್ಯಾಡ್ ಅಂಟಿಸುವ ಪ್ಲೇಟು ಒಂದು ಸಲ ಬದಲಾಯಿಸಿದ್ದು ಬಿಟ್ಟರೆ ಖರ್ಚು ಬಂದಿಲ್ಲ. ಸದ್ದು ಮಾತ್ರ ಜೋರು. ಮಧ್ಯಾಹ್ನ ಶುರು ಮಾಡಿದರೆ ಪಕ್ಕದ ಮನೆ ಅಜ್ಜಿ ಕಾಂಪೌಂಡ್ ಗೋಡೆ ಹತ್ತಿರ ಬಂದು ನಿಲ್ಲುತ್ತಾರೆ.

ಇನ್ನು ಬಂಪರ್. ಅದಕ್ಕಾಗಿಯೇ ಇಷ್ಟು ಬರೀತಿರೋದು.

ಮಷೀನು ತಗೊಳ್ಳೋಕೆ ಕಾರಣವೇ ಬಂಪರ್. ಅದೇ ವರ್ಷ ಬೇಸಿಗೆಯಲ್ಲಿ ಊರಿನ ಒಂದು ವಾಷಿಂಗ್ ಸೆಂಟರ್‌ನಲ್ಲಿ ‘ರಬ್ಬಿಂಗ್ ಪಾಲಿಶ್’ ಮಾಡಿಸಿದ್ದೆ. ಹುಡುಗನ ಕೈಯಲ್ಲಿ ಬರೀ ಗರಗರ ತಿರುಗುವ ರೋಟರಿ ಮಷೀನು, ಅದಕ್ಕೆ ಉಣ್ಣೆಯ ಬಿಳಿ ಪ್ಯಾಡು. ಬಾಗಿಲು ಚೆನ್ನಾಗೇ ಮಾಡಿದ. ಅದೇ ವೇಗದಲ್ಲಿ, ಅದೇ ಭಾರ ಹಾಕಿ, ಹಿಂದಿನ ಬಂಪರಿಗೆ ಇಳಿದ. ನಂಬರ್ ಪ್ಲೇಟ್ ಮೇಲೆ ಬಂಪರ್ ಮಡಚಿಕೊಳ್ಳುವ ಜಾಗದಲ್ಲಿ ಒಂದು ಏಣು ಇರುತ್ತದಲ್ಲ, ಅಲ್ಲಿಗೆ ಬಂದಾಗ ಅವನಿಗೆ ಫೋನ್ ಬಂತು. ಫೋನನ್ನು ಭುಜಕ್ಕೂ ಕಿವಿಗೂ ನಡುವೆ ಒತ್ತಿಕೊಂಡು ಮಾತಾಡಿದ, ಮಷೀನು ತಿರುಗುತ್ತಲೇ ಇತ್ತು. ಮೂರ್ನಾಲ್ಕು ಸೆಕೆಂಡು ಇರಬೇಕು. ಮೊದಲು ವಾಸನೆ ಬಂತು, ಇಸ್ತ್ರಿಗೆ ನೈಲಾನ್ ಸೀರೆ ಅಂಟಿದಾಗ ಬರುವಂಥದ್ದು. ಪ್ಯಾಡು ಎತ್ತಿದಾಗ ಏಣಿನ ಮೇಲೆ ಹುಣಸೆ ಬೀಜದಷ್ಟು ಜಾಗ ಮಂಕಾಗಿತ್ತು. ಅದರ ನಡುವೆ ಉಗುರಿನ ಗೀರಿನಂತೆ ಕಪ್ಪು ಪ್ಲಾಸ್ಟಿಕ್ಕೇ ಇಣುಕುತ್ತಿತ್ತು. ಬಿಳಿ ಪ್ಯಾಡಿನ ಅಂಚು ನೀಲಿ.

ಆ ನೀಲಿ ಬಣ್ಣವೇ ಸಾಕ್ಷಿ. ಈಗಿನ ಬಹುತೇಕ ಕಾರುಗಳಲ್ಲಿ ಬಣ್ಣದ ಮೇಲೆ ಪಾರದರ್ಶಕ ಕ್ಲಿಯರ್ ಕೋಟ್ ಇರುತ್ತದೆ; ಪಾಲಿಶ್ ಮಾಡೋದು ಅದನ್ನು ಮಾತ್ರ. ಪ್ಯಾಡಿಗೆ ಕಾರಿನ ಬಣ್ಣ ಹತ್ತಿತು ಅಂದರೆ ಕ್ಲಿಯರ್ ತೂತಾಯಿತು ಅಂತಲೇ ಅರ್ಥ. ಅದರ ದಪ್ಪ ಸಾಮಾನ್ಯವಾಗಿ 35ರಿಂದ 50 ಮೈಕ್ರಾನ್, ನಮ್ಮ ತಲೆಗೂದಲಿಗಿಂತ ತೆಳ್ಳಗೆ. ಏಣು, ಅಂಚುಗಳಲ್ಲಿ ಇನ್ನೂ ತೆಳು, ಯಾಕಂದ್ರೆ ಹಸಿ ಬಣ್ಣ ಚೂಪಾದ ಜಾಗದಲ್ಲಿ ನಿಲ್ಲದೆ ಎರಡೂ ಕಡೆಗೆ ಸರಿಯುತ್ತದೆ. ಪ್ಯಾಡಿನ ಭಾರವೆಲ್ಲ ಬೀಳುವುದೂ ಅಲ್ಲಿಯೇ.

ವಾಷಿಂಗ್ ಸೆಂಟರ್‌ನವರು ‘ಮೊದಲೇ ಇತ್ತು ಸರ್’ ಅಂದರು. ಆ ಜಗಳ ಇಲ್ಲಿ ಬೇಡ. ಮರುದಿನ ಕಾರು ನೋಡಿದ ಹಳೇ ಪೇಂಟರ್ ಒಬ್ಬರು ಬೆರಳು ಮಡಚಿ ಬಾಗಿಲಿಗೊಂದು, ಬಂಪರಿಗೊಂದು ಬಡಿದು ಸದ್ದು ಕೇಳಿಸಿದರು. ಟಣ್. ಡಬ್. "ಇದು ಫೈಬರ್ ಅದ್ರಿ ಸಾಹೇಬ್ರ. ತಗಡಿನ್ಯಾಗ ಬಿಸಿ ಹರದಾಡಿ ಹೋಗ್ತದ, ಇದರಾಗ ಹುಟ್ಟಿದಲ್ಲೇ ಕುಂದರ್ತದ." ನಮ್ಮ ಕಡೆ ಬಂಪರಿಗೆ ಎಲ್ಲರೂ ಫೈಬರ್ ಅಂತಾರೆ, ಇರೋದು ಬಹುತೇಕ ಪಾಲಿಪ್ರೊಪಿಲೀನ್. ಹೆಸರು ಏನಾದರೂ ಇರಲಿ, ಆಮೇಲೆ ನಾನು ಎಷ್ಟು ಓದಿದರೂ ಇಷ್ಟು ಚಂದಾಗಿ ಯಾರೂ ಹೇಳಲಿಲ್ಲ.

ಉಕ್ಕಿಗೆ ಹೋಲಿಸಿದರೆ ಈ ಪ್ಲಾಸ್ಟಿಕ್ ಬಿಸಿ ಸಾಗಿಸುವುದು ನೂರರಲ್ಲೊಂದು ಪಾಲೂ ಇಲ್ಲ. ಬಾನೆಟ್ ಮೇಲೆ ತಿಕ್ಕಿದ ಬಿಸಿ ತಗಡಿನುದ್ದಕ್ಕೂ ಹರಡಿ ತಣಿಯುತ್ತದೆ. ಬಂಪರ್ ಮೇಲೆ ಹೋಗಲು ದಾರಿಯಿಲ್ಲ, ಮೇಲಿನ ಬಣ್ಣದಲ್ಲೇ ಜಮೆ. ಬಿಸಿಯಾದ ಕ್ಲಿಯರ್ ಮೆತ್ತಗಾಗುತ್ತದೆ. ಮೆತ್ತಗಾದದ್ದನ್ನು ಕಂಪೌಂಡ್ ಇನ್ನೂ ಬೇಗ ತಿನ್ನುತ್ತದೆ. ಕಾರ್ಖಾನೆಯಲ್ಲಿ ಉಕ್ಕಿನ ಬಾಡಿಯ ಬಣ್ಣ ಬೇಯುವುದು 140 ಡಿಗ್ರಿ ಆಸುಪಾಸು. ಬಂಪರನ್ನು ಅಷ್ಟು ಕಾಯಿಸಿದರೆ ಸೊಟ್ಟಗಾದೀತು ಅಂತ ಅದನ್ನು ಬೇರೆ ಕಡೆ, 80-90 ಡಿಗ್ರಿಯಲ್ಲಿ ಒಣಗುವ ಬೇರೆ ಬಣ್ಣದಲ್ಲಿ ತಯಾರಿಸುತ್ತಾರೆ. ಹೊಸ ಕಾರಲ್ಲೂ ಬಂಪರಿನ ಬಣ್ಣ ಬಾಡಿಗಿಂತ ಒಂದು ಎಳೆ ಬೇರೆ ಕಾಣೋದು ಈ ಕಾರಣಕ್ಕೂ ಹೌದು. ಬಂಪರ್ ಬಾಗುತ್ತದೆ, ಹಾಗಾಗಿ ಅದರ ಬಣ್ಣಕ್ಕೂ ಬಾಗುವ ಗುಣ ಕೊಟ್ಟಿರುತ್ತಾರೆ. ಒಂದೇ ಕಾರು, ಒಂದೇ ನೀಲಿ, ಆದರೆ ಪ್ಯಾಡಿನ ಕೆಳಗೆ ನಡವಳಿಕೆಯೇ ಬೇರೆ.

ಇಷ್ಟೆಲ್ಲ ತಿಳಿದುಕೊಂಡು ನಾನು ಡ್ಯುಯಲ್ ಆಕ್ಷನ್ ತಗೊಂಡೆ. ರೋಟರಿ ಒಂದೇ ಅಕ್ಷದ ಮೇಲೆ ಒತ್ತಾಯದಿಂದ ತಿರುಗುತ್ತದೆ, ನೀವು ಒತ್ತಿದರೂ ನಿಲ್ಲುವುದಿಲ್ಲ. ಡ್ಯುಯಲ್ ಆಕ್ಷನ್ ತಿರುಗುತ್ತಾ ಅಲುಗುತ್ತದೆ. ಜಾಸ್ತಿ ಒತ್ತಿದರೆ ತಿರುಗುವುದು ನಿಂತು ಬರೀ ಅಲುಗಾಟ ಉಳಿಯುತ್ತದೆ. ಇದರಿಂದ ಬಣ್ಣ ಸುಡೋದೇ ಇಲ್ಲ ಅಂತ ವಿಡಿಯೋಗಳಲ್ಲಿ ಕೇಳಿ ನಂಬಿದ್ದೆ.

2022ರ ಮಾರ್ಚ್, ಮಧ್ಯಾಹ್ನ ಹನ್ನೆರಡು. ಕಾರು ತಗಡಿನ ಶೆಡ್ಡಿನ ಕೆಳಗಿದೆ, ಹಾಗಾಗಿ ನೆರಳು ಅಂದುಕೊಂಡೆ. ಬಲಗಡೆ ಕನ್ನಡಿಯ ಪ್ಲಾಸ್ಟಿಕ್ ಟೊಪ್ಪಿಗೆಗೆ ಸೂಪರ್ ಮಾರ್ಕೆಟ್‌ನಲ್ಲಿ ಯಾವುದೋ ಬೈಕಿನ ಹ್ಯಾಂಡಲ್ ಸವರಿ ಗೀರಾಗಿತ್ತು. ಐದಿಂಚಿನ ಪ್ಯಾಡು ಇಟ್ಟೆ. ಟೊಪ್ಪಿಗೆ ಉಬ್ಬಿಕೊಂಡಿರುವುದರಿಂದ ಪ್ಯಾಡು ತಾಗಿದ್ದು ಎರಡು ರೂಪಾಯಿ ನಾಣ್ಯದಷ್ಟು ಜಾಗಕ್ಕೆ, ನನ್ನ ಕೈಭಾರ ಪೂರ್ತಿ ಅದರ ಮೇಲೆ. ಸ್ವಲ್ಪ ಹೊತ್ತಿಗೆ ಪ್ಯಾಡು ಜಿಗಟಾಗಿ ಎಳೆದ ಹಾಗಾಯಿತು. ಕಂಪೌಂಡ್ ಒಣಗಿತು ಅಂದುಕೊಂಡು ಇನ್ನೆರಡು ಹನಿ ಹಾಕಿ ಮತ್ತೆ ಒತ್ತಿದೆ. ಆ ಎಳೆತ ಕಂಪೌಂಡಿನದಲ್ಲ, ಮೆತ್ತಗಾಗುತ್ತಿದ್ದ ಬಣ್ಣದ್ದು ಅಂತ ಈಗ ಗೊತ್ತು. ಒರೆಸಿದಾಗ ಗೀರು ಮಾಯ, ಹೆಂಡತಿಯನ್ನು ಕರೆದು ತೋರಿಸಿದ್ದೂ ಆಯಿತು. ಸಂಜೆ ತಣ್ಣಗಾದ ಮೇಲೆ ನೋಡಿದರೆ ಅಷ್ಟು ಜಾಗದಲ್ಲಿ ಮಂಜು ಕವಿದಂತೆ ಬೆಳ್ಳಗೆ, ಬೆರಳಾಡಿಸಿದರೆ ಕಿತ್ತಳೆ ಸಿಪ್ಪೆಯ ತರಿ. ಗೀರಿನ ಆಳದ ಭಾಗವೂ ವಾಪಸ್ ಹಾಜರು. ಪಾಲಿಶಿನ ಎಣ್ಣೆ ಅದನ್ನು ಅಷ್ಟು ಹೊತ್ತು ಮುಚ್ಚಿಟ್ಟಿತ್ತು.

ಬಿಸಿ ಅಳೆಯದೆ ಇನ್ನು ಪ್ಲಾಸ್ಟಿಕ್ ಮುಟ್ಟಬಾರದು ಅಂತ ಮನೆಯಲ್ಲಿದ್ದ ಹಣೆಗೆ ಹಿಡಿಯುವ ಥರ್ಮಾಮೀಟರ್ ತಂದೆ. ಕೋವಿಡ್‌ನಿಂದ ದೇಶದ ಮೊದಲ ಸಾವು ಕಂಡ ಊರು ನಮ್ಮದು, 2020ರಲ್ಲಿ ಆ ಗನ್ನು ಕೊಳ್ಳದ ಮನೆಯಿಲ್ಲ. ಕೆಲಸಕ್ಕೆ ಬರಲಿಲ್ಲ. ಅದು ಮನುಷ್ಯರ ಜ್ವರಕ್ಕೆ ಮಾಡಿದ್ದು, ನಲವತ್ತಮೂರರ ಹತ್ತಿರ ಕೈಚೆಲ್ಲುತ್ತದೆ. ನಮ್ಮ ಮೇ ತಿಂಗಳಲ್ಲಿ ಗಾಳಿಯೇ ಅಷ್ಟಿರುತ್ತದೆ. ಪಾಲಿಶ್ ಶುರುವಾಗುವ ಮೊದಲೇ ಬಂಪರಿಗೆ ‘ಹೈ’ ಅಂತ ತೋರಿಸಿತು. ಕಾರ್ಖಾನೆಗಳಲ್ಲಿ ಬಳಸುವ ಬೇರೆ ಗನ್ನು ಬರುತ್ತದೆ, ಸಾವಿರ ರೂಪಾಯಿ ಆಸುಪಾಸು, ಅದನ್ನು ತಗೊಂಡೆ. ಅದರಿಂದ ತಿಳಿದದ್ದು: ಒಂದೇ ಪ್ಯಾಡು, ಒಂದೇ ಸ್ಪೀಡು, ಒಂದೇ ಹೊತ್ತು ತಿಕ್ಕಿದರೂ ಬಂಪರ್ ಪ್ರತಿಸಲ ಬಾಗಿಲಿಗಿಂತ ಬೇಗ ಏರುತ್ತದೆ, ನಿಧಾನ ಇಳಿಯುತ್ತದೆ. ನಾನು 45 ಕಂಡಕೂಡಲೇ ನಿಲ್ಲಿಸುತ್ತೇನೆ. ಇದು ನನ್ನ ಅಂಜಿಕೆಯ ಲೆಕ್ಕ, ಯಾವ ಪುಸ್ತಕದ್ದೂ ಅಲ್ಲ.

ಬಣ್ಣದ ದಪ್ಪ ಅಳೆಯುವ ಮೀಟರ್ ಇದೆಯಲ್ಲ ಅಂತ ಕೇಳುವವರಿಗೆ: ಸಾಮಾನ್ಯ ಮೀಟರ್ ಕೆಳಗೆ ಲೋಹ ಇದ್ದರೆ ಮಾತ್ರ ಲೆಕ್ಕ ಕೊಡುತ್ತದೆ. ಬಂಪರ್ ಮೇಲೆ ಇಟ್ಟರೆ ಮೂಕ. ಪ್ಲಾಸ್ಟಿಕ್ ಮೇಲೆ ಅಳೆಯಲು ಅಲ್ಟ್ರಾಸೋನಿಕ್ ಮೀಟರ್ ಬೇಕು, ಅದರ ಬೆಲೆಗೆ ಬಂಪರನ್ನೇ ಎಷ್ಟೋ ಸಲ ಬದಲಾಯಿಸಬಹುದು. ಅಂದರೆ ಯಾವ ಭಾಗದಲ್ಲಿ ಅಪಾಯ ಹೆಚ್ಚೋ ಅಲ್ಲಿಯೇ ನಾವು ಕುರುಡರು. ಪಾಲಿಶ್ ಅಂಗಡಿಯವರು ಮೀಟರ್ ತೋರಿಸಿ ‘ಭಾಳ ಪೇಂಟ್ ಅದ’ ಅಂದರೆ, ಅದನ್ನು ಬಂಪರ್ ಮೇಲೂ ಇಟ್ಟು ತೋರಿಸಿ ಅನ್ನಿ.

ಮರುಬಣ್ಣ ಹೊಡೆಸಿದ ಬಂಪರ್ ಇನ್ನೂ ನಾಜೂಕು. ನನ್ನ ಹಿಂದಿನ ಬಂಪರಿಗೆ ಆ ಸುಟ್ಟ ಕಲೆಗಾಗಿ ಬಣ್ಣ ಹೊಡೆಸಿದ್ದೆ. ಪಾಲಿಪ್ರೊಪಿಲೀನ್‌ಗೆ ಬಣ್ಣ ಸುಲಭಕ್ಕೆ ಕಚ್ಚುವುದಿಲ್ಲ, ಪ್ಲಾಸ್ಟಿಕ್ ಪ್ರೈಮರ್ ಅಂತ ಒಂದು ಪದರ ಮೊದಲು ಬೇಕೇ ಬೇಕು. ಅದನ್ನು ಹೊಡೆದರೋ ಇಲ್ಲವೋ ಮೇಲಿನಿಂದ ನೋಡಿ ಹೇಳಲಾಗದು. ಮಷೀನು ಹೇಳುತ್ತದೆ, ತಡವಾಗಿ. ನನ್ನ ತಮ್ಮನ ಕಾರಿಗೆ ಹುಮನಾಬಾದ್ ಕಡೆ ಎಲ್ಲೋ ಅಗ್ಗಕ್ಕೆ ಹೊಡೆಸಿದ್ದ ಬಣ್ಣ, ಚಕ್ರದ ಕಮಾನಿನ ಅಂಚಿಗೆ ಪ್ಯಾಡು ತಾಗಿದ್ದೇ ತಡ, ತೊಗರಿಯ ಸಿಪ್ಪೆ ಬಿಟ್ಟ ಹಾಗೆ ಹಾಳೆಹಾಳೆ ಎದ್ದುಬಂತು. ಅದೃಷ್ಟಕ್ಕೆ ಮಷೀನು ಅವನ ಕೈಯಲ್ಲೇ ಇತ್ತು.

ಈಗ ನಾನು ಮಾಡುವುದು ಹೀಗೆ. ಪ್ಲಾಸ್ಟಿಕ್ ಕೆಲಸ ಡಿಸೆಂಬರ್, ಜನವರಿಯ ಬೆಳಿಗ್ಗೆ ಏಳಕ್ಕೆ ಮಾತ್ರ. ಎಲ್ಲಾ ಏಣು, ಸೆನ್ಸರ್ ಬಟನ್ನು, ಒರಟು ಕಪ್ಪು ಪಟ್ಟಿಗಳಿಗೆ ಮಾಸ್ಕಿಂಗ್ ಟೇಪ್. ಆ ಒರಟು ಪ್ಲಾಸ್ಟಿಕ್ಕಿಗೆ ಪಾಲಿಶ್ ಹೊಕ್ಕರೆ ಬಿಳಿ ಕಲೆ ಹೋಗಲ್ಲ, ಹಲ್ಲುಜ್ಜುವ ಬ್ರಶ್ ಹಿಡಿದು ಅರ್ಧ ದಿನ ಕಳೆದಿದ್ದೇನೆ. ಬಂಪರಿನ ಚಪ್ಪಟೆ ಪಕ್ಕಗಳಿಗೆ ಅತಿ ಮೆತ್ತನೆ ಪ್ಯಾಡು, ಎರಡನೇ ಸ್ಪೀಡು, ಮಷೀನಿನ ಭಾರವಷ್ಟೇ. ಪ್ಲೇಟಿನ ಅಂಚಿಗೆ ಮಾರ್ಕರ್‌ನಿಂದ ಒಂದು ಗೆರೆ ಎಳೆದಿದ್ದೇನೆ. ಗೆರೆ ತಿರುಗುವುದು ಕಾಣದಿದ್ದರೆ ಪ್ಯಾಡು ನಿಂತಿದೆ, ಒಂದೇ ಜಾಗ ಕಾಯುತ್ತಿದೆ ಅಂತ. ಎರಡು ಸುತ್ತು, ಅಂಗೈ ಇಟ್ಟು ನೋಡು, ಬೇರೆ ಕಡೆ ಹೋಗು. ಸಣ್ಣ ಗೀರು ಉಳಿದರೆ ಉಳಿಯಲಿ. ಕನ್ನಡಿ ಟೊಪ್ಪಿಗೆ, ಸ್ಪಾಯ್ಲರ್, ಬಾಗಿಲ ಹಿಡಿಕೆ, ನಂಬರ್ ಪ್ಲೇಟಿನ ಏಣು ಇವಕ್ಕೆ ಮಷೀನೇ ಇಲ್ಲ. ಮೈಕ್ರೋಫೈಬರ್ ಬಟ್ಟೆ, ಎರಡು ಬೆರಳು, ಒಂದು ಹಾಡು ಮುಗಿಯುವಷ್ಟು ಹೊತ್ತು. ಬೆರಳಿಗೆ ಬಿಸಿ ಗೊತ್ತಾಗುತ್ತದೆ, ಮಷೀನಿಗೆ ಗೊತ್ತಾಗುವುದಿಲ್ಲ.

ಹೆಡ್‌ಲೈಟ್ ಬಗ್ಗೆ ಒಂದೇ ಮಾತು. ಅದು ಪಾಲಿಕಾರ್ಬೊನೇಟ್, ಮೇಲೆ ಬಿಸಿಲು ತಡೆಯುವ ಗಟ್ಟಿ ಲೇಪ. ಮಷೀನಿನಲ್ಲಿ ಅದನ್ನು ತೆಗೆದು ಹೊಳಪು ತಂದೆ. ಒಂದು ಬೇಸಿಗೆ ದಾಟುವಷ್ಟರಲ್ಲಿ ಮೊದಲಿಗಿಂತ ಹಳದಿ.

ಐದಕ್ಕೆ ಅಂಕ ಕೇಳಿದರೆ ಉಕ್ಕಿಗೆ ನಾಲ್ಕೂವರೆ, ಚಪ್ಪಟೆ ಬಂಪರಿಗೆ ಎರಡೂವರೆ, ಮಿಕ್ಕ ಪ್ಲಾಸ್ಟಿಕ್ಕಿಗೆ ಕೊಡುವುದಿಲ್ಲ. ಐದಿಂಚಿನ ಬದಲು ಮೂರಿಂಚಿನ ಮಷೀನು ತಗೊಂಡಿದ್ದರೆ ಎರಡನೇ ಅಂಕ ಸ್ವಲ್ಪ ಏರುತ್ತಿತ್ತೇನೋ.

ಹೋದ ತಿಂಗಳು ಓಣಿಯ ಹುಡುಗನೊಬ್ಬ ಮಷೀನು ಕೇಳಲು ಬಂದ, ತಂಗಿಯ ಮದುವೆಗೆ ಕಾರು ಮಿಂಚಬೇಕಂತೆ. ಕೊಟ್ಟೆ, ಜೊತೆಗೆ ಟೇಪಿನ ಸುರುಳಿ, ಬಿಸಿ ನೋಡುವ ಗನ್ನು. ಹೊರಗೆ ಕರೆದು ನನ್ನ ಬಲಗಡೆ ಕನ್ನಡಿಯನ್ನೂ ತೋರಿಸಿದೆ, ಅದಕ್ಕೆ ಇನ್ನೂ ಬಣ್ಣ ಹೊಡೆಸಿಲ್ಲ. ಅವನು ಬಗ್ಗಿ ನೋಡಿ, ಬೆರಳಾಡಿಸಿ, "ಅಣ್ಣಾ, ಬಂಪರ್ ಬಿಟ್ಟೇಬಿಡ್ತೀನಿ, ಮದುವಿ ದಿನ ಹೂವಿನ ಹಾರದಾಗ ಮುಚ್ಚಿ ಹೋಗ್ತದ" ಅಂದ.