ಇಸಿಜಿ, ಎಕೋ ವರದಿಗಳ ಗುಣಮಟ್ಟ ಪರಿಶೀಲನೆ: ಬಳಸಿ ನೋಡಿದ ವಿಧಾನಗಳ ಹೋಲಿಕೆ

ಇಸಿಜಿ ಅಥವಾ ಎಕೋ (ಹೃದಯದ ಅಲ್ಟ್ರಾಸೌಂಡ್) ವರದಿಗೆ ವೈದ್ಯರು ಸಹಿ ಹಾಕಿದ ಮೇಲೆ ಅದನ್ನು ಇನ್ನೊಬ್ಬರು ನೋಡುವ ಪದ್ಧತಿ ನಮ್ಮ ಕಡೆ ಕಡಿಮೆ. ಶಿವಮೊಗ್ಗದಲ್ಲಿ ನಾನು ಗುಣಮಟ್ಟದ ಹೊಣೆ ನೋಡಿಕೊಳ್ಳುವ ಹೃದ್ರೋಗ ವಿಭಾಗಕ್ಕೆ ತೀರ್ಥಹಳ್ಳಿ, ಹೊಸನಗರ, ಸಾಗರ, ಸೊರಬದ ಹಳ್ಳಿಗಳಿಂದ ರೋಗಿಗಳು ಬರುತ್ತಾರೆ. ಸಂಜೆಯ ಬಸ್ಸು ಹಿಡಿದು ಊರು ಸೇರಿದವರನ್ನು ವರದಿ ತಿದ್ದುವುದಕ್ಕೆಂದು ಮತ್ತೆ ಕರೆಸುವುದು ಸುಲಭವಲ್ಲ. ಈ ಪರಿಶೀಲನೆಯನ್ನು ಎಷ್ಟರ ಮಟ್ಟಿಗೆ ಕಂಪ್ಯೂಟರಿಗೆ ಒಪ್ಪಿಸಬಹುದು ಎಂದು ತಿಳಿಯಲು ನಾಲ್ಕು ವಿಧಾನಗಳನ್ನು ಒಂದೇ ಬಗೆಯ ವರದಿಗಳ ಮೇಲೆ ನಡೆಸಿ ನೋಡಿದೆವು.

ಹಳೆಯ ಕ್ರಮವೆಂದರೆ ಕೆಲವು ವರದಿಗಳನ್ನು ಚೀಟಿ ಎತ್ತಿ ಆರಿಸಿ, ಮೊದಲ ಅಭಿಪ್ರಾಯ ಕಾಣದಂತೆ ಮುಚ್ಚಿ, ಹಿರಿಯ ತಜ್ಞರಿಂದ ಮತ್ತೆ ಓದಿಸುವುದು. ಇದರ ತೀರ್ಪಿಗಿರುವ ತೂಕ ಬೇರೆ ಯಾವುದಕ್ಕೂ ಇಲ್ಲ, ಆದರೆ ಒಪಿಡಿ ತುಂಬಿದ ದಿನ ಮೊದಲು ಮುಂದಕ್ಕೆ ಹೋಗುವ ಕೆಲಸವೂ ಇದೇ. ಜೊತೆಗೆ ಲೆಕ್ಕದ ಒಂದು ತೊಡಕಿದೆ. ಇಬ್ಬರು ವೈದ್ಯರೂ ನೂರಕ್ಕೆ 90 ಇಸಿಜಿಗಳನ್ನು ನಾರ್ಮಲ್ ಎಂದು ಬರೆಯುವವರಾದರೆ, ಪಟ್ಟಿಯನ್ನು ನೋಡದೆಯೇ ಬರೆದರೂ ಸುಮಾರು 82 ಕಡೆ ಅವರ ಮಾತು ಹೊಂದುತ್ತದೆ. ಶೇಕಡಾ 85 ಹೊಂದಾಣಿಕೆ ಎಂದು ಸಭೆಯಲ್ಲಿ ತೋರಿಸಿದರೆ ಎಲ್ಲರೂ ತಲೆದೂಗುತ್ತಾರೆ. ಆಕಸ್ಮಿಕ ಒಮ್ಮತವನ್ನು ಕಳೆದು ನೋಡುವ ಕೊಹೆನ್ ಕಪ್ಪಾ ಅಳತೆಯಲ್ಲಿ ಅದು ಕೇವಲ 0.17 (ಪೂರ್ಣ ಒಮ್ಮತವಾದರೆ 1).

ಯಂತ್ರವು ಇಸಿಜಿ ಪಟ್ಟಿಯ ಮೇಲ್ಭಾಗದಲ್ಲಿ ತಾನೇ ಮುದ್ರಿಸುವ ಅಭಿಪ್ರಾಯವನ್ನು ವೈದ್ಯರ ವರದಿಯೊಂದಿಗೆ ತಾಳೆ ನೋಡುವುದು ಎಲ್ಲಕ್ಕಿಂತ ಅಗ್ಗದ ದಾರಿ, ಮತ್ತು ನನ್ನ ಮಟ್ಟಿಗೆ ಎಲ್ಲಕ್ಕಿಂತ ದಾರಿ ತಪ್ಪಿಸುವಂಥದ್ದು. ಬಡಿತದ ದರ, ಕ್ಯೂಆರ್‌ಎಸ್ (ಹೃತ್ಕುಕ್ಷಿಗಳ ಬಡಿತದ ಅಲೆ) ಅಗಲ ಮುಂತಾದ ಅಳತೆಗಳು ಬಹುಪಾಲು ಸರಿಯಿರುತ್ತವೆ. ಲಯದ ವಿಷಯದಲ್ಲಿ ಹಾಗಲ್ಲ. ಆಷಾಢದ ಮಳೆಯಲ್ಲಿ ನೆನೆದು ಬಂದವರು ಮಂಚದ ಮೇಲೆ ನಡುಗುತ್ತ ಮಲಗಿದಾಗ ಸ್ನಾಯುಗಳ ಕಂಪನವೂ ಗೆರೆಯಲ್ಲಿ ಸೇರಿಕೊಂಡು, ಹೃದಯದ ಮೇಲಿನ ಕೋಣೆಗಳ ಬಡಿತ ತೋರಿಸುವ ಪಿ ಅಲೆಗಳು ಮುಚ್ಚಿಹೋಗುತ್ತವೆ; ಯಂತ್ರವು ಏಟ್ರಿಯಲ್ ಫಿಬ್ರಿಲೇಷನ್ (ಆ ಕೋಣೆಗಳು ಅಡ್ಡಾದಿಡ್ಡಿ ಮಿಡಿದು ಬಡಿತದ ಲಯ ತಪ್ಪುವ ಸ್ಥಿತಿ) ಎಂದು ಮುದ್ರಿಸುತ್ತದೆ; ಬಡಿತಗಳ ನಡುವಿನ ಅಂತರ ಸಮನಾಗಿರುವುದನ್ನು ಅಳೆದು ನೋಡಿದ ವೈದ್ಯರು ಅದನ್ನು ಹೊಡೆದುಹಾಕುತ್ತಾರೆ. ಸರಿಯಾಗಿ ಓದಿದ ಈ ವರದಿ ನಮ್ಮ ತಾಳೆಪಟ್ಟಿಯಲ್ಲಿ ವ್ಯತ್ಯಾಸವೆಂದು ದಾಖಲಾಗುತ್ತದೆ, ಮುದ್ರಿತ ಸಾಲನ್ನು ಹಾಗೆಯೇ ನಕಲು ಮಾಡಿದವರಿಗೆ ಪೂರ್ಣ ಅಂಕ ಸಿಗುತ್ತದೆ. ಕೈಗಳಿಗೆ ಹಾಕುವ ಲೀಡ್ ತಂತಿಗಳು ಅದಲುಬದಲಾದದ್ದನ್ನು ಹಿಡಿಯಲು ಮಾತ್ರ ಈ ವಿಧಾನ ಉಪಯುಕ್ತವೆನಿಸಿತು: ಒಂದನೇ ಲೀಡ್‌ನಲ್ಲಿ ಎಲ್ಲ ಅಲೆಗಳೂ ತಲೆಕೆಳಗಾಗಿದ್ದು ಎದೆಯ ಲೀಡ್‌ಗಳು ಎಂದಿನಂತೆಯೇ ಇದ್ದರೆ, ಹೃದಯ ಬಲಕ್ಕಿದೆ ಎಂದು ಬರೆಯುವ ಮೊದಲು ಕ್ಲಿಪ್‌ಗಳನ್ನು ನೋಡಬೇಕಾಗುತ್ತದೆ.

ಇದಕ್ಕೆ ಹೋಲಿಸಿದರೆ ನಿಯಮಗಳ ಪಟ್ಟಿ ಬಹಳ ಸರಳ. ಅದು ಹೃದಯದ ಬಗ್ಗೆ ಏನನ್ನೂ ಹೇಳುವುದಿಲ್ಲ, ವರದಿಯ ಒಂದು ಸಾಲು ಇನ್ನೊಂದು ಸಾಲಿಗೆ ಹೊಂದುತ್ತದೆಯೇ ಎಂದಷ್ಟೇ ಕೇಳುತ್ತದೆ. ಎಕೋ ವರದಿಗಳು ಸಾಮಾನ್ಯವಾಗಿ ಸಿದ್ಧ ನಮೂನೆಯ ಮೇಲೆ ಟೈಪ್ ಆಗುತ್ತವೆ. ಎಜೆಕ್ಷನ್ ಫ್ರಾಕ್ಷನ್ (ಪ್ರತಿ ಬಡಿತದಲ್ಲಿ ಎಡ ಹೃತ್ಕುಕ್ಷಿ ಹೊರದೂಡುವ ರಕ್ತದ ಶೇಕಡಾ ಪ್ರಮಾಣ) ತೀರ ಕಡಿಮೆ, 35 ಎಂದು ಅಳತೆಯ ಜಾಗದಲ್ಲಿ ತುಂಬಿದ್ದರೂ, ಕೆಳಗಿನ ತೀರ್ಮಾನದಲ್ಲಿ ನಮೂನೆಯ ‘ಎಡ ಹೃತ್ಕುಕ್ಷಿಯ ಸಂಕೋಚನ ನಾರ್ಮಲ್’ ಎಂಬ ಸಾಲು ಉಳಿದುಬಿಡುತ್ತದೆ. ಕಂಪ್ಯೂಟರ್ ಅದನ್ನು ಕ್ಷಣದಲ್ಲಿ ಹಿಡಿಯುತ್ತದೆ. ಮಹಾಪಧಮನಿಯ ಕವಾಟದಲ್ಲಿ ರಕ್ತದ ಗರಿಷ್ಠ ವೇಗ ಸೆಕೆಂಡಿಗೆ 4.2 ಮೀಟರ್ ಎಂದಿದ್ದರೆ, ವೇಗದ ವರ್ಗವನ್ನು ನಾಲ್ಕರಿಂದ ಗುಣಿಸುವ ಸೂತ್ರದಂತೆ ಗರಿಷ್ಠ ಒತ್ತಡದ ಅಂತರ ಸುಮಾರು 70 ಮಿಲಿಮೀಟರ್ ಪಾದರಸ ಬರಬೇಕು; ಅಲ್ಲಿ 40 ಎಂದಿದ್ದರೆ ಎರಡರಲ್ಲಿ ಒಂದು ಅಂಕಿ ತಪ್ಪು. ವೇಗ 4 ಮೀಟರ್ ದಾಟಿಯೂ ತೀರ್ಮಾನದಲ್ಲಿ ‘ಅಲ್ಪ ಪ್ರಮಾಣದ ಸಂಕುಚನ’ ಎಂದಿದ್ದರೆ ವರದಿಯನ್ನು ತಡೆಹಿಡಿಯಲೇಬೇಕು.

ನಿಯಮಗಳ ಕಾಟವೂ ಇದೆ. ಜ್ವರದಿಂದ ನಾಡಿ 100ಕ್ಕೆ ಏರಿದ ಮಹಿಳೆಯ ಕ್ಯೂಟಿ ಅಂತರ (ಒಂದು ಬಡಿತದಲ್ಲಿ ಹೃತ್ಕುಕ್ಷಿಯ ವಿದ್ಯುತ್ ಚಟುವಟಿಕೆ ನಡೆಯುವ ಅವಧಿ) 360 ಮಿಲಿಸೆಕೆಂಡ್ ಎಂದಿಟ್ಟುಕೊಳ್ಳಿ. ಬ್ಯಾಜೆಟ್ ಸೂತ್ರದಲ್ಲಿ ಬಡಿತದ ದರಕ್ಕೆ ತಕ್ಕಂತೆ ಸರಿಪಡಿಸಿದ ಅಂಕಿ 465 ಬರುತ್ತದೆ, ಎಂದರೆ ಮಹಿಳೆಯರಿಗೆ ಸಾಮಾನ್ಯವಾಗಿ ಇಟ್ಟುಕೊಳ್ಳುವ 460ರ ಮಿತಿಗಿಂತ ಹೆಚ್ಚು. ಫ್ರಿಡೆರಿಷಿಯಾ ಸೂತ್ರದಲ್ಲಿ ಅದೇ ಪಟ್ಟಿ 427ಕ್ಕೆ ಇಳಿದು ನಾರ್ಮಲ್ ಆಗುತ್ತದೆ. ಎರಡೂ 1920ರಲ್ಲಿ ಬಂದ ಸೂತ್ರಗಳು. ಬಡಿತ ಹೆಚ್ಚಿದಾಗ ಬ್ಯಾಜೆಟ್ ಅತಿಯಾಗಿ ತಿದ್ದುತ್ತದೆ ಎಂಬುದು ತಿಳಿದ ವಿಷಯವೇ. ಮಳೆಗಾಲದ ಜ್ವರದ ವಾರ್ಡಿನಿಂದ ಬಂದ ಪಟ್ಟಿಗಳಿಗೆಲ್ಲ ಎಚ್ಚರಿಕೆ ಗುರುತು ಬೀಳತೊಡಗಿದಾಗ, ಬಡಿತ 90 ದಾಟಿದಲ್ಲಿ ಫ್ರಿಡೆರಿಷಿಯಾ ಸೂತ್ರವನ್ನೇ ಬಳಸುವಂತೆ ನಿಯಮವನ್ನು ಬದಲಿಸಿದೆವು. ದೊಡ್ಡ ಮಿತಿಯೆಂದರೆ ನಿಯಮಗಳಿಗೆ ಚಿತ್ರ ಕಾಣುವುದಿಲ್ಲ. ಹೃದಯದ ತುದಿ ಪೂರ್ತಿ ಬಾರದ ಚಿತ್ರದಲ್ಲಿ ಎಜೆಕ್ಷನ್ ಫ್ರಾಕ್ಷನ್ ತಪ್ಪಾಗಿ ಅಳೆದು 60 ಎಂದು ಬರೆದು ನಾರ್ಮಲ್ ಎಂದರೆ, ಆ ವರದಿ ಎಲ್ಲ ನಿಯಮಗಳನ್ನೂ ದಾಟುತ್ತದೆ.

ದೊಡ್ಡ ಭಾಷಾ ಮಾದರಿಗೆ (ಪಠ್ಯ ಓದಿ ಉತ್ತರ ಬರೆಯುವ ಎಐ) ವರದಿಯ ಪಠ್ಯವನ್ನು ಕೊಟ್ಟು ಓದಿಸಿದ್ದು ಇತ್ತೀಚಿನ ಪ್ರಯೋಗ. ನಿಯಮಗಳ ಕೈಗೆ ಸಿಗದ ವಾಕ್ಯಗಳನ್ನು ಅದು ಚೆನ್ನಾಗಿ ಹಿಡಿಯುತ್ತದೆ: ವಿವರಣೆಯಲ್ಲಿ ಮುಂಭಾಗದ ಗೋಡೆಯ ಚಲನೆ ಮಂದವಾಗಿದೆ ಎಂದು ಬರೆದು, ತೀರ್ಮಾನದಲ್ಲಿ ಚಲನೆಯ ದೋಷವಿಲ್ಲ ಎಂದಿರುವಂಥ ಕಡೆ. ಆದರೆ ಒಂದೇ ವರದಿಗೆ ಬೆಳಿಗ್ಗೆ ಒಂದು, ಸಂಜೆ ಇನ್ನೊಂದು ಎಂಬಂತೆ ಉತ್ತರ ಕೊಟ್ಟಾಗ ಅದನ್ನು ವೈದ್ಯರ ಮುಂದಿಡಲು ಸಂಕೋಚವಾಗುತ್ತದೆ. ರೋಗಿಯ ಹೆಸರು, ಊರು ತೆಗೆಯದೆ ಪಠ್ಯವನ್ನು ಹೊರಗಿನ ಸೇವೆಗೆ ಕಳಿಸುವ ಮಾತೇ ಇರಲಿಲ್ಲವಾದ್ದರಿಂದ ಆಸ್ಪತ್ರೆಯ ಕಂಪ್ಯೂಟರಿನಲ್ಲೇ ಚಿಕ್ಕ ಮಾದರಿಯೊಂದನ್ನು ನಡೆಸಿದೆವು. ಅದು ನಿಧಾನ, ಆದರೆ ಗಾಳಿಮಳೆಗೆ ಇಂಟರ್ನೆಟ್ ಹೋದ ದಿನವೂ ಕೆಲಸ ನಿಲ್ಲುವುದಿಲ್ಲ.

ನನ್ನ ಆಯ್ಕೆ ನಿಯಮಗಳ ಪಟ್ಟಿಯೇ, ಅದೂ ಸಹಿಗೆ ಮೊದಲು ಓಡಿಸುವಂತೆ. ಆಗ ವೈದ್ಯರು ತಾವೇ ತಿದ್ದುತ್ತಾರೆ, ಯಾರ ಮೇಲೂ ದೂರು ಏಳುವುದಿಲ್ಲ. ಭಾಷಾ ಮಾದರಿ ರಾತ್ರಿ ಓಡಿ ಸಂಶಯದ ವರದಿಗಳನ್ನು ಬೇರ್ಪಡಿಸುತ್ತದೆ. ಹಿರಿಯರ ಮೇಜಿಗೆ ಅವುಗಳ ಜೊತೆ ಯಾವ ಗುರುತೂ ಬೀಳದ ಕೆಲವನ್ನೂ ಕಳಿಸುತ್ತೇವೆ. ಇಲ್ಲವಾದರೆ ಕಂಪ್ಯೂಟರ್ ಬಿಟ್ಟದ್ದೇನು ಎಂದು ತಿಳಿಯುವ ದಾರಿಯೇ ಇಲ್ಲ. ಆಂಜಿಯೋಗ್ರಾಮ್ ಮತ್ತು ಟ್ರೋಪೋನಿನ್ (ಹೃದಯದ ಸ್ನಾಯುವಿಗೆ ಆದ ಹಾನಿ ತೋರಿಸುವ ರಕ್ತಪರೀಕ್ಷೆ) ಫಲಿತಾಂಶಗಳನ್ನೂ ಇಸಿಜಿ ವರದಿಗೆ ಜೋಡಿಸಬೇಕೆಂದಿದ್ದೇವೆ. ಆದರೆ ಹೃದಯಾಘಾತವಾದವರಲ್ಲೂ ಮೊದಲ ಇಸಿಜಿ ನಿಜಕ್ಕೂ ನಾರ್ಮಲ್ ಇರಬಹುದಾದ್ದರಿಂದ, ಆ ಜೋಡಣೆಯಿಂದ ಬರುವ ಅಂಕಿಗಳನ್ನು ವೈದ್ಯರ ಹೆಸರಿನ ಮುಂದೆ ಬರೆಯುವುದಕ್ಕೆ ನಾನು ಒಪ್ಪಿಲ್ಲ.