ಐದು ಸ್ಟಾರ್ ನೋಡಿ ಪರ್ಲ್ ಮಾಡ್ಯೂಲ್ ಹಾಕುವ ಮೊದಲು ಇದನ್ನು ಓದಿ

ಕಾಫಿ ಲೆಕ್ಕಕ್ಕೋ ಸೊಸೈಟಿ ಲೆಕ್ಕಕ್ಕೋ ಪರ್ಲ್ ಸ್ಕ್ರಿಪ್ಟ್ (ಪರ್ಲ್ ಭಾಷೆಯಲ್ಲಿ ಬರೆದ ಸಣ್ಣ ಪ್ರೋಗ್ರಾಂ) ಇಟ್ಟುಕೊಂಡಿರುವವರು, ಅದನ್ನು ಬರೆದುಕೊಡುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಜನ ಹೊಗಳಿದ್ದಾರೆ ಅನ್ನುವ ಒಂದೇ ಕಾರಣಕ್ಕೆ ಒಂದು ಮಾಡ್ಯೂಲನ್ನು, ಅಂದರೆ ಬೇರೆಯವರು ಬರೆದಿಟ್ಟ ಸಿದ್ಧ ಕೋಡನ್ನು, ಹಣದ ಲೆಕ್ಕಕ್ಕೆ ಹಾಕಿದ್ದರು. ಅದರಿಂದ ಒಬ್ಬ ಬೆಳೆಗಾರರ 38 ಚೀಲ ಚೆರಿ (ಒಣಗಿಸಿದ ಕಾಫಿ ಹಣ್ಣು) ಲೆಕ್ಕದ ಪುಸ್ತಕದಿಂದಲೇ ಮಾಯವಾಯಿತು. ಅದಕ್ಕಿಂತ ಬೇಜಾರಿನ ವಿಷಯ, ಅನುಮಾನ ಬಿದ್ದದ್ದು ಅಲ್ಲಿ ಲೆಕ್ಕ ಬರೆಯುವ ರೈಟರ್ ಮೇಲೆ.

ಕುಶಾಲನಗರದ ಕಡೆ ಒಂದು ಕ್ಯೂರಿಂಗ್ ವರ್ಕ್ಸ್, ಅಂದರೆ ಕಾಫಿ ಸಂಸ್ಕರಿಸುವ ಕಾರ್ಖಾನೆ. ಹೆಸರು ಬೇಡ. ತೂಕ ಹಾಕುವ ಕಂಪ್ಯೂಟರ್ ಸಂಜೆಗೆ ಒಂದು ಎಕ್ಸ್‌ಎಂಎಲ್ ಫೈಲ್ (ಪ್ರತಿ ಮಾಹಿತಿಗೂ ಹೆಸರಿನ ಪಟ್ಟಿ ಹಚ್ಚಿದ ಪಠ್ಯ ಫೈಲ್) ಕೊಡುತ್ತದೆ. ಒಬ್ಬ ಬೆಳೆಗಾರರಿಗೆ ಒಂದು ಸಾಲು: ಹೆಸರು, ಖಾತೆ ನಂಬರ್, ಚೀಲ, ತೂಕ. ರಾತ್ರಿ ಒಂದು ಪರ್ಲ್ ಸ್ಕ್ರಿಪ್ಟ್ ಅದನ್ನು ಓದಿ ಲೆಕ್ಕಕ್ಕೆ ಏರಿಸುತ್ತದೆ. ಹೊರಗಿನವರೊಬ್ಬರು ಬರೆದುಕೊಟ್ಟ ಸ್ಕ್ರಿಪ್ಟ್ ಅದು. ಆ ಫೈಲ್ ಓದಲು ಬಳಸಿದ ಮಾಡ್ಯೂಲ್ ಎಕ್ಸ್‌ಎಂಎಲ್::ಸಿಂಪಲ್. ಅದರ ಮೇಲಿನ ಕಾಮೆಂಟ್ ಸಾಲಿನಲ್ಲಿ ಕಾರಣವನ್ನೂ ಬರೆದಿದ್ದರು: ಬಳಸಿದವರೆಲ್ಲ ತುಂಬಾ ಸುಲಭ ಅಂದಿದ್ದಾರೆ, ಐದು ಸ್ಟಾರ್ ಕೊಟ್ಟಿದ್ದಾರೆ.

ಒಂದು ದಿನ ಪೂವಯ್ಯ ಅನ್ನುವವರು ರಸೀದಿ ಹಿಡಿದುಕೊಂಡು ಬಂದರು. "38 ಚೀಲ ಇಳಿಸಿದ್ದೇನೆ. ನಿಮ್ಮ ಲೆಕ್ಕದಲ್ಲಿ ನನ್ನದು ಏನೂ ಇಲ್ಲ ಅಂತೀರಲ್ಲ?" ಗೇಟ್ ರಿಜಿಸ್ಟರ್‌ನಲ್ಲಿ 38 ಚೀಲ ಇತ್ತು. ಕಂಪ್ಯೂಟರ್ ಲೆಕ್ಕದಲ್ಲಿ ಪೂವಯ್ಯ ಅನ್ನುವ ಹೆಸರಿಗೆ ಅವತ್ತು 12 ಚೀಲ ಮಾತ್ರ, ಅದೂ ಬೇರೆ ಪೂವಯ್ಯನವರ ಖಾತೆಗೆ. ಮಾಲೀಕರು ರೈಟರ್‌ನ ಕರೆದು ಕೂರಿಸಿದರು. ಚೀಲ ಎಲ್ಲಿ ಹೋಯ್ತು, ಯಾರಿಗೆ ಕೊಟ್ಟೆ ಅಂತ. ಆ ಮನುಷ್ಯ ಮಾತೇ ಬಾರದೆ ಕೂತಿದ್ದರು. ಆಮೇಲೆ ನನ್ನನ್ನು ಕರೆಸಿದರು.

ನಮ್ಮಲ್ಲಿ ಒಂದೇ ಹೆಸರಿನವರು ಎಷ್ಟು ಜನ ಅಂತ ನಿಮಗೆ ಗೊತ್ತೇ ಇದೆ. ಅಜ್ಜನ ಹೆಸರನ್ನೇ ಮೊಮ್ಮಗನಿಗೆ ಇಡುವ ಊರು ಇದು. ಅವತ್ತು ಸುಂಟಿಕೊಪ್ಪ ಕಡೆಯ ಒಬ್ಬ ಪೂವಯ್ಯ, ವಿರಾಜಪೇಟೆ ಕಡೆಯ ಇನ್ನೊಬ್ಬ ಪೂವಯ್ಯ, ಇಬ್ಬರೂ ಚೆರಿ ಇಳಿಸಿದ್ದರು. ಒಕ್ಕ (ಮನೆತನ) ಬೇರೆ, ಖಾತೆ ಬೇರೆ. ಆದರೆ ಎಕ್ಸ್‌ಎಂಎಲ್::ಸಿಂಪಲ್‌ಗೆ ನೀವು ಏನೂ ಹೇಳದಿದ್ದರೆ, ಅದು ಪಟ್ಟಿಯ ಪ್ರತಿ ಸಾಲಿನಲ್ಲೂ ಮೊದಲು 'ನೇಮ್', ಅದಿಲ್ಲದಿದ್ದರೆ 'ಕೀ', ಅದೂ ಇಲ್ಲದಿದ್ದರೆ 'ಐಡಿ' ಹುಡುಕುತ್ತದೆ. ಸಿಕ್ಕಿದ್ದನ್ನೇ ಗುರುತು ಮಾಡಿಕೊಂಡು ಇಡೀ ಪಟ್ಟಿಯನ್ನು ಹ್ಯಾಶ್ (ಒಂದು ಗುರುತಿಗೆ ಒಂದೇ ಜಾಗ ಇರುವ ರಚನೆ) ಆಗಿ ಮಡಚಿಬಿಡುತ್ತದೆ. ಖಾತೆ ನಂಬರ್ 'ಐಡಿ'ಯಲ್ಲಿ ಸರಿಯಾಗಿಯೇ ಇತ್ತು. ಆದರೆ 'ನೇಮ್'ಗೆ ಮೊದಲ ಮಣೆ. ಎರಡನೇ ಪೂವಯ್ಯ ಬಂದಾಗ ಮೊದಲನೇ ಪೂವಯ್ಯನ ಮೇಲೆಯೇ ಕೂತರು. 38 ಹೋಯ್ತು, 12 ಉಳೀತು. ಸ್ಕ್ರಿಪ್ಟ್ ನಿಲ್ಲಲಿಲ್ಲ. ಅದು ಏನಾದರೂ ಗೊಣಗಿದ್ದರೂ ರಾತ್ರಿ ಓಡುವ ಕೆಲಸ, ಯಾರೂ ತೆರೆಯದ ಲಾಗ್‌ಗೆ ಹೋಗುತ್ತಿತ್ತು ಅಷ್ಟೇ.

ಇದಕ್ಕೆ ಮೊದಲೂ ಒಂದು ಸೂಚನೆ ಸಿಕ್ಕಿತ್ತಂತೆ. ಪುತ್ತರಿ (ಕೊಡಗಿನ ಸುಗ್ಗಿ ಹಬ್ಬ) ದಿನ ಒಂದೇ ಲೋಡ್ ಬಂದಿತ್ತು, ಅವತ್ತು ಸ್ಕ್ರಿಪ್ಟ್ ಅರ್ಧದಲ್ಲಿ ನಿಂತುಹೋಗಿತ್ತು. ಇದೂ ಅದೇ ಮಾಡ್ಯೂಲ್‌ನ ಗುಣ. ಎರಡು ಸಾಲು ಇದ್ದರೆ ಒಂದು ರೂಪ, ಒಂದೇ ಸಾಲು ಇದ್ದರೆ ಇನ್ನೊಂದು ರೂಪ. 'ಫೋರ್ಸ್‌ಅರೇ' (ಒಂದೇ ಸಾಲಿದ್ದರೂ ಪಟ್ಟಿಯಾಗಿಯೇ ಇಡು ಅನ್ನುವ ಆಯ್ಕೆ) ಅಂತ ಹೇಳಿ ಕಟ್ಟಿಹಾಕದಿದ್ದರೆ ಯಾವ ದಿನ ಯಾವ ರೂಪ ಬರುತ್ತೆ ಅನ್ನೋದು ಅವತ್ತು ಎಷ್ಟು ಲೋಡ್ ಬಂತು ಅನ್ನೋದರ ಮೇಲೆ. ಆ ದಿನದ್ದನ್ನು ಕೈಯಲ್ಲೇ ಬರೆದು ಸುಮ್ಮನಾಗಿದ್ದರು.

ನನಗೆ ಸಿಟ್ಟು ಬಂದದ್ದು ಎಲ್ಲಿ ಗೊತ್ತಾ? ಇದು ಗುಟ್ಟೇನೂ ಅಲ್ಲ. ಮಾಡ್ಯೂಲ್ ಬರೆದ ಗ್ರಾಂಟ್ ಮೆಕ್ಲೀನ್ ಅವರೇ ಅದರ ದಾಖಲೆಯಲ್ಲಿ, ಹೊಸ ಕೋಡ್‌ನಲ್ಲಿ ಇದನ್ನು ಬಳಸಬೇಡಿ, ಎಕ್ಸ್‌ಎಂಎಲ್::ಲಿಬ್‌ಎಕ್ಸ್‌ಎಂಎಲ್ ಅನ್ನುವ ಇನ್ನೊಂದು ಮಾಡ್ಯೂಲ್ ಕಡೆ ಹೋಗಿ ಅಂತ ಬರೆದಿದ್ದಾರೆ. ಆಯ್ಕೆಗಳು ಜಾಸ್ತಿ, ಕೆಲವು ಡಿಫಾಲ್ಟ್‌ಗಳು ಸರಿ ಇಲ್ಲ ಅಂತ ಅವರೇ ಒಪ್ಪಿಕೊಂಡಿದ್ದಾರೆ. ತಾನು ಮಾಡಿದ್ದರ ಬಗ್ಗೆ ಇಷ್ಟು ಪ್ರಾಮಾಣಿಕವಾಗಿ ಬರೆಯುವವರು ಎಷ್ಟು ಜನ ಇದ್ದಾರೆ? ಅದನ್ನು ಬಿಟ್ಟು ಬೇರೆಯವರ ಸ್ಟಾರ್ ಎಣಿಸಿದ್ದಾರೆ.

ಸ್ಟಾರ್ ಕೊಟ್ಟವರು ಸುಳ್ಳು ಹೇಳಿದರು ಅಂತ ನಾನು ಹೇಳುತ್ತಿಲ್ಲ. ಒಂದು ಸಣ್ಣ ಸೆಟ್ಟಿಂಗ್ಸ್ ಫೈಲ್ ಓದಲು ಅದು ನಿಜವಾಗಿಯೂ ಸುಲಭ. ಅವರು ಅಷ್ಟನ್ನೇ ನೋಡಿ ಬರೆದರು. ಬೇಸಿಗೆಯಲ್ಲಿ ಮನೆ ನೋಡಿ ಮಾಡು ಸೋರಲ್ಲ ಅಂದ ಹಾಗೆ. ಅವರ ಫೈಲ್‌ನಲ್ಲಿ ಇಬ್ಬರು ಪೂವಯ್ಯ ಇರಲಿಲ್ಲ.

ಪರ್ಲ್ ಮಾಡ್ಯೂಲ್‌ಗಳನ್ನು ಇಟ್ಟಿರುವ ಆನ್‌ಲೈನ್ ಭಂಡಾರ ಸಿಪ್ಯಾನ್ 1995ರಿಂದ ಇದೆ. ಅಲ್ಲಿರುವ ಮಾಡ್ಯೂಲ್‌ಗಳ ಸಂಖ್ಯೆ 2 ಲಕ್ಷ ದಾಟಿದೆ. ಇಷ್ಟರಲ್ಲಿ ಒಂದನ್ನು ಆರಿಸಲು ಯಾರ ಮಾತಾದರೂ ಬೇಕು, ಒಪ್ಪುತ್ತೇನೆ. ಆದರೆ ಹೊಗಳಿಕೆ ಹಳೆಯದಾಗುತ್ತದೆ, ಅದರ ಮೇಲಿನ ಸ್ಟಾರ್ ಹಳೆಯದಾಗಲ್ಲ. ಎಕ್ಸೆಲ್ ಫೈಲ್ ಓದುವ ಸ್ಪ್ರೆಡ್‌ಶೀಟ್::ಪಾರ್ಸ್‌ಎಕ್ಸೆಲ್ ನೋಡಿ. ವರ್ಷಗಟ್ಟಲೆ ಎಲ್ಲರೂ ಬಳಸಿದ ಮಾಡ್ಯೂಲ್. ಸೆಲ್‌ನ ನಂಬರ್ ಫಾರ್ಮ್ಯಾಟ್ ಅನ್ನು ಅದು ನೇರವಾಗಿ 'ಇವ್ಯಾಲ್'ಗೆ (ಕೊಟ್ಟ ಪಠ್ಯವನ್ನು ಕೋಡ್ ಆಗಿ ಓಡಿಸುವ ಆದೇಶಕ್ಕೆ) ಕೊಡುತ್ತಿತ್ತು. ಅಂದರೆ ಬೇಕೆಂದೇ ಕೆಡಿಸಿದ ಒಂದು ಎಕ್ಸೆಲ್ ಫೈಲ್ ಕಳಿಸಿದರೆ ಸಾಕು, ಕಳಿಸಿದವರ ಕೋಡ್ ನಿಮ್ಮ ಕಂಪ್ಯೂಟರ್‌ನಲ್ಲಿ ಓಡುತ್ತದೆ. ಕಳ್ಳರು ಇದನ್ನು ಬಳಸಿಯೂ ಆಗಿತ್ತು. 2023ರ ಡಿಸೆಂಬರ್‌ನಲ್ಲಿ 0.66 ಬಂದ ಮೇಲೆ ಸರಿಹೋಯಿತು. ವ್ಯಾಪಾರಿಗಳು ಇಮೇಲ್‌ನಲ್ಲಿ ಕಳಿಸುವ ಮೆಣಸಿನ ದರಪಟ್ಟಿಯನ್ನು ಇದರಲ್ಲೇ ತೆರೆಯುತ್ತಿದ್ದರೆ ಇವತ್ತೇ ಯಾವ ವರ್ಷನ್ ಇದೆ ನೋಡಿ. 0.65 ಅಥವಾ ಅದಕ್ಕಿಂತ ಹಳೆಯದಾದರೆ ತಡಮಾಡಬೇಡಿ.

ನಾನು ಈಗ ಮೊದಲು ಓದುವುದು ಬರೆದವರ ದಾಖಲೆಯನ್ನು. ಆಮೇಲೆ ಯಾವ ವರ್ಷನ್‌ನಲ್ಲಿ ಏನು ಬದಲಾಯಿತು ಅಂತ ಹೇಳುವ 'ಚೇಂಜಸ್' ಫೈಲ್, ಬಾಕಿ ಇರುವ ದೂರುಗಳು. ಸಿಪ್ಯಾನ್ ಟೆಸ್ಟರ್ಸ್ (ಮಾಡ್ಯೂಲ್‌ಗಳನ್ನು ಓಡಿಸಿ ಪರೀಕ್ಷಿಸುವ ಸ್ವಯಂಸೇವಕರು) ವರದಿ ಯಾವ ವರ್ಷನ್, ಯಾವ ಪರ್ಲ್, ಯಾವ ಆಪರೇಟಿಂಗ್ ಸಿಸ್ಟಂ ಅಂತ ಬಿಡಿಸಿ ಹೇಳುತ್ತದೆ, ಅದು ಉಪಯೋಗಕ್ಕೆ ಬರುತ್ತದೆ. ಅದೂ ಬರೆದವರು ಇಟ್ಟ ಪರೀಕ್ಷೆಯನ್ನು ಮಾತ್ರ ಓಡಿಸುವುದು ಅನ್ನೋದು ನೆನಪಿರಲಿ. ಅಭಿಪ್ರಾಯಗಳಲ್ಲಿ ಬೈದದ್ದನ್ನು ಮೊದಲು ಓದುತ್ತೇನೆ. ಯಾವ ಫೈಲ್ ಕೊಟ್ಟೆ, ಏನಾಯ್ತು ಅಂತ ಬರೆದ ಒಂದು ದೂರು ಸುಮ್ನೆ 'ಸೂಪರ್' ಅನ್ನುವ ಹತ್ತು ಮಾತಿಗಿಂತ ಹೆಚ್ಚು ಕೆಲಸಕ್ಕೆ ಬರುತ್ತದೆ. ನೀವೂ ಅಭಿಪ್ರಾಯ ಬರೆಯುವಾಗ ವರ್ಷನ್ ಬರೆಯಿರಿ, ಯಾವ ಕೆಲಸಕ್ಕೆ ಬಳಸಿದಿರಿ ಬರೆಯಿರಿ.

ಪೂವಯ್ಯನವರ ಹಣ ಪೂರ್ತಿ ಸಂದಾಯವಾಯಿತು. ಮಾಲೀಕರು ರೈಟರ್ ಹತ್ತಿರ ಎಲ್ಲರ ಮುಂದೆ ಕ್ಷಮೆ ಕೇಳಿದರು, ಅದು ಆಗಲೇಬೇಕಿತ್ತು. ಲೆಕ್ಕವನ್ನು ಈಗ ಲಿಬ್‌ಎಕ್ಸ್‌ಎಂಎಲ್‌ಗೆ ಬದಲಾಯಿಸಿದ್ದೇವೆ. ಗೇಟ್ ರಿಜಿಸ್ಟರ್‌ನ ಒಟ್ಟು ಚೀಲಕ್ಕೂ ಲೆಕ್ಕದ ಒಟ್ಟು ಚೀಲಕ್ಕೂ ತಾಳೆಯಾಗದಿದ್ದರೆ ಸ್ಕ್ರಿಪ್ಟ್ ಮುಂದೆ ಹೋಗುವುದೇ ಇಲ್ಲ.

ತಕ್ಷಣಕ್ಕೆ ಬದಲಾಯಿಸಲು ಆಗದವರು ಎಕ್ಸ್‌ಎಂಎಲ್::ಸಿಂಪಲ್ ಕರೆಯುವ 'ಯೂಸ್' ಸಾಲಿಗೆ ':ಸ್ಟ್ರಿಕ್ಟ್' ಸೇರಿಸಿ. ಆಗ 'ಕೀಆಟ್ರ್' (ಯಾವುದನ್ನು ಗುರುತು ಮಾಡಿಕೊಳ್ಳಬೇಕು ಅನ್ನುವ ಆಯ್ಕೆ), 'ಫೋರ್ಸ್‌ಅರೇ' ಎರಡನ್ನೂ ನೀವೇ ಹೇಳದೆ ಅದು ಓಡಲ್ಲ, ಒಂದೇ ಗುರುತು ಎರಡು ಸಲ ಬಂದರೆ ಅಲ್ಲೇ ನಿಲ್ಲುತ್ತದೆ. 'ಕೀಆಟ್ರ್' ಖಾಲಿ ಇಡಿ. ಒಂದೇ ಹೆಸರಿನ ಇಬ್ಬರನ್ನು ಒಂದು ಫೈಲ್‌ಗೆ ಹಾಕಿ, ಒಬ್ಬರನ್ನೇ ಇನ್ನೊಂದು ಫೈಲ್‌ಗೆ ಹಾಕಿ ಓಡಿಸಿ ನೋಡಿ. ರೋಬಸ್ಟಾ ಕೊಯ್ಲು ಶುರುವಾಗುವ ಮೊದಲೇ ಮಾಡಿ, ಆಮೇಲೆ ಲೋಡ್ ಸಾಲಾಗಿ ನಿಂತಾಗ ಯಾರಿಗೂ ಪುರುಸೊತ್ತು ಇರಲ್ಲ.