ಐಬಿಎಂ ಕ್ವಾಂಟಮ್ ಉಚಿತ ಪ್ಲಾನ್: ಮೂರು ಕ್ಯೂಬಿಟ್ ಹೆಣೆಯೋಕೆ ಧಾರಾಳ ಸಾಕು

28 ದಿನಕ್ಕೆ ಕ್ವಾಂಟಮ್ ಯಂತ್ರದ 10 ನಿಮಿಷ. ಎಂಟ್ಯಾಂಗಲ್‌ಮೆಂಟ್ (ಕ್ಯೂಬಿಟ್, ಅಂದರೆ ಕ್ವಾಂಟಮ್ ಬಿಟ್‌ಗಳ ಹೆಣಿಗೆ) ಕಲಿಯೋರಿಗೆ ಇದು ಕಡಿಮೆಯೇನಲ್ಲ. ಐಬಿಎಂನ ಹೆರಾನ್ ಚಿಪ್‌ನಲ್ಲಿ ಒಂದು ಕ್ಯೂಬಿಟ್‌ಗೆ ಹೆಚ್ಚೆಂದರೆ ಮೂರು ನೆರೆ, ತ್ರಿಕೋನ ಜೋಡಣೆ ಇಲ್ಲ. ಹಾಗಾಗಿ ಸಾಲಾಗಿರುವ ಮೂರನ್ನು ಆರಿಸಿ, ನಡುವಿನದಕ್ಕೆ ಹಡಮಾರ್ಡ್ (0, 1 ಎರಡನ್ನೂ ಸಮವಾಗಿ ಬೆರೆಸುವ ಗೇಟ್) ಹಾಕಿ, ಅಲ್ಲಿಂದ ಎರಡೂ ಕಡೆ ಸಿನಾಟ್ (ಒಂದು 1 ಆಗಿದ್ದರೆ ಇನ್ನೊಂದನ್ನು ತಿರುಗಿಸುವ ಗೇಟ್) ಕೊಡಿ. ತುದಿಯಿಂದ ತುದಿಗೆ ಕೊಟ್ಟರೆ ಎರಡು ಕ್ಯೂಬಿಟ್‌ಗಳ ಸ್ಥಿತಿ ಅದಲುಬದಲು ಮಾಡುವ ಸ್ವಾಪ್ ನುಸುಳುತ್ತೆ. ಒಂದು ಸ್ವಾಪ್ ಅಂದರೆ ಮೂರು ಸಿನಾಟ್, ದೋಷವೂ ಅದಕ್ಕೆ ತಕ್ಕಂತೆ.

ಅಳೆದಾಗ 000, 111 ಅರ್ಧರ್ಧ ಬಂತೆಂದು ಬೀಗಬೇಡಿ, ನಾಣ್ಯ ಚಿಮ್ಮಿ ಬರೆದುಕೊಂಡರೂ ಅದು ಬರುತ್ತೆ. ಅಳೆಯುವ ಮುಂಚೆ ಮೂರಕ್ಕೂ ಹಡಮಾರ್ಡ್ ಹಾಕಿ ನೋಡಿ: 1ಗಳ ಸಂಖ್ಯೆ ಬಹುಪಾಲು ಸಮವಾಗಿರಬೇಕು.

ಈ ಜಿಎಚ್‌ಝಡ್ (000, 111 ಸಮವಾಗಿ ಬೆರೆತ) ಸ್ಥಿತಿಯಲ್ಲಿ ಒಂದನ್ನು ಕಳೆದರೆ ಉಳಿದೆರಡರ ಹೆಣಿಗೆ ಸೊನ್ನೆ. ಡಬ್ಲ್ಯು (001, 010, 100 ಸಮವಾಗಿ ಬೆರೆತ) ಸ್ಥಿತಿಯಲ್ಲಿ ಹಾಗಲ್ಲ, ಪ್ರತಿ ಜೋಡಿಗೂ ಹೆಣಿಗೆಯ ಅಳತೆಯಾದ ಕಾನ್‌ಕರೆನ್ಸ್ 2/3. ಒಂದು ಕ್ಯೂಬಿಟ್ ಇರುವ ಎರಡು ಜೋಡಿಗಳ ಈ ಅಳತೆಯ ವರ್ಗ ಕೂಡಿದರೆ 8/9. 2000ರಲ್ಲಿ ಕಾಫ್‌ಮನ್, ಕುಂಡು, ವೂಟರ್ಸ್ ಆ ಮೊತ್ತಕ್ಕೆ ಹಾಕಿದ ಮಿತಿಯೂ ಈ ಸ್ಥಿತಿಗೆ ಅಷ್ಟೇ.